ಹಳೆಯ ಹಳ್ಳಿಮನೆಗೆ ಗಾಢ ಬಣ್ಣ, ದಟ್ಟ ಚಿತ್ತಾರ: ನಾಲ್ವರ ಅಭಿರುಚಿಯನ್ನು ಒಂದೇ ಸೂರಿನಡಿ ಹೊಂದಿಸುವುದು ಹೇಗೆ?

ಪ್ರಶ್ನೆ – ಮಗ್ಗದಮನೆ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ನಗರದ ಬಾಡಿಗೆ ಮನೆಯನ್ನು ಬಿಟ್ಟು ಹೊಲಗಳ ನಡುವೆ ಇರುವ ಒಂದು ಹಳೆಯ ಮನೆಗೆ ಬಂದು ನೆಲೆಸಿದ್ದೇವೆ. ಗೋಡೆಗಳು ಎರಡು ಅಡಿ ದಪ್ಪವಾಗಿವೆ, ಕಿಟಕಿಗಳು ಚಿಕ್ಕವು. ಮುಂಬಾಗಿಲಿನಿಂದ ಹಿತ್ತಿಲಿನವರೆಗೆ ಉದ್ದನೆಯ ಪಡಸಾಲೆಯೊಂದಿದ್ದು, ಅದರ ಎರಡೂ ಬದಿಗೆ ಕೋಣೆಗಳಿವೆ. ನಾನು ಮಗ್ಗದಲ್ಲಿ ನೇಯುತ್ತೇನೆ, ನನ್ನ ಗಂಡ ಮಣ್ಣಿನ ಪಾತ್ರೆಗಳನ್ನು ಮಾಡುತ್ತಾರೆ, ಹದಿನಾರರ ಮಗಳು ಬಿಡುವು ಸಿಕ್ಕಾಗಲೆಲ್ಲ ಚಿತ್ರ ಬರೆಯುತ್ತಾಳೆ, ಹನ್ನೊಂದರ ಮಗನ ಕೈಗೆ ಮರದ ತುಂಡೊಂದು ಸಿಕ್ಕರೆ ಸಾಕು, ಅದರಲ್ಲಿ ಏನನ್ನಾದರೂ ಕೆತ್ತಿಯೇ ತೀರುತ್ತಾನೆ. ಬಣ್ಣವೆಂದರೆ ನಮಗೆ ನಾಲ್ವರಿಗೂ ಜೀವ. ಆದರೆ ನಾಲ್ವರಿಗೂ ಬೇಕಾದ ಬಣ್ಣ ಬೇರೆ ಬೇರೆ.

ಮೊದಲ ಪ್ರಯತ್ನವಾಗಿ ನಡುಕೋಣೆಯ ನಾಲ್ಕೂ ಗೋಡೆಗಳಿಗೆ ಶೇಡ್ ಕಾರ್ಡಿನಲ್ಲಿ ನೋಡಿ ಮೆಚ್ಚಿದ ಇಟ್ಟಿಗೆ ಕೆಂಪನ್ನು ಬಳಿಸಿದೆವು. ಕಾರ್ಡಿನಲ್ಲಿ ಅದು ಮಣ್ಣಿನಂತೆ ಶಾಂತವಾಗಿತ್ತು. ಗೋಡೆಗೆ ಬಂದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೋಣೆಯೆಲ್ಲ ಕೆಂಡದಂತೆ ಉರಿಯತೊಡಗಿತು. ಕಪಾಟಿನ ಮೇಲಿದ್ದ ಬಿಳಿ ಮೆರುಗಿನ ಹೂಜಿ ಗುಲಾಬಿಯಾಗಿ ಕಾಣಿಸಿತು. ಸಂಜೆ ದೀಪ ಹಚ್ಚುವ ಮುನ್ನ ಅದೇ ಗೋಡೆಗಳು ಬಹುತೇಕ ಕಪ್ಪಾಗಿಬಿಟ್ಟವು. ಎರಡು ವಾರ ಅಲ್ಲಿ ಕೂತು ನೋಡಿದೆವು, ಯಾರಿಗೂ ಮನಸ್ಸು ನಿಲ್ಲಲಿಲ್ಲ.

ಬಂದವರೆಲ್ಲ ಕೊಡುವ ಸಲಹೆ ಒಂದೇ: ಗೋಡೆಗಳಿಗೆಲ್ಲ ತಿಳಿ ಕೆನೆಬಣ್ಣ ಬಳಿದು, ಬಣ್ಣದ ಆಸೆಯನ್ನು ದಿಂಬಿನ ಹೊದಿಕೆಗಳಲ್ಲಿ ತೀರಿಸಿಕೊಳ್ಳಿ ಎಂಬುದು. ನನಗೆ ಇದು ಒಪ್ಪಿಗೆಯಿಲ್ಲ. ದಿನವಿಡೀ ಬಣ್ಣದ ನೂಲನ್ನೇ ಮುಟ್ಟಿ ಬದುಕುವ ನಾವು ಮನೆಗೆ ಬಂದ ಕೂಡಲೇ ಬಣ್ಣಕ್ಕೆ ಹೆದರಬೇಕೇಕೆ? ಆದರೂ ಒಂದು ತಪ್ಪಾದ ಮೇಲೆ ಇನ್ನೊಂದಕ್ಕೆ ಕೈ ಹಾಕಲು ಹಿಂಜರಿಕೆಯಾಗುತ್ತಿದೆ. ಕೆಂಪು ಏಕೆ ಹಾಗಾಯಿತು, ಗಾಢ ಬಣ್ಣಗಳನ್ನೂ ಹಲವು ಚಿತ್ತಾರಗಳನ್ನೂ ಒಂದೇ ಮನೆಯಲ್ಲಿ ಇಡುವಾಗ ಅವನ್ನು ಹಿಡಿದಿಡುವುದು ಯಾವುದು, ಮಕ್ಕಳ ಕೈಗೆ ಎಷ್ಟು ಬಿಡಬಹುದು – ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ. ಒಂದೆರಡು ಗೋಡೆಗಳ ಬುಡದಲ್ಲಿ ಸ್ವಲ್ಪ ತೇವವೂ ಇದೆ.

ಉತ್ತರ – ಸುಣ್ಣಬಣ್ಣ

ಮಗ್ಗದಮನೆಯವರೇ, ನಮಸ್ಕಾರ. ಗೋಡೆಗೆ ಬಣ್ಣ ಬಳಿಯುವ ಕೆಲಸದಲ್ಲಿ ನನಗೆ ಮೂವತ್ತು ವರ್ಷಗಳಾಗುತ್ತ ಬಂದಿವೆ. ನಿಮ್ಮ ಕೆಂಪು ಕೆಟ್ಟ ಬಣ್ಣವಾಗಿರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ಬೆರಳಗಲದ ಚೀಟಿಯನ್ನು ನೋಡಿ ನಾಲ್ಕು ಗೋಡೆಗಳನ್ನು ನಿರ್ಧರಿಸಿದ್ದೇ ತೊಂದರೆಯ ಮೂಲ. ಕಿಟಕಿಯಿಂದ ಬಂದ ಬೆಳಕು ಒಂದು ಕೆಂಪು ಗೋಡೆಗೆ ಬಡಿದು ತಾನೂ ಕೆಂಪಾಗಿ ಎದುರು ಗೋಡೆಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ಕೆಂಪಾಗಿ ಮತ್ತೆ ಮರಳುತ್ತದೆ. ಹೀಗೆ ಸುತ್ತಿ ಸುತ್ತಿ ಕೋಣೆಯೊಳಗಿನ ಬಣ್ಣ ಕಾರ್ಡಿನಲ್ಲಿ ಇದ್ದುದಕ್ಕಿಂತ ಹೆಚ್ಚು ತೀವ್ರವಾಗುತ್ತದೆ. ನಿಮ್ಮ ಹೂಜಿ ಗುಲಾಬಿಯಾದದ್ದು ಇದೇ ಕಾರಣಕ್ಕೆ. ಆದ್ದರಿಂದ ಸುತ್ತಲೂ ಬಳಿಯುವ ಬಣ್ಣವನ್ನು ಆರಿಸುವಾಗ ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ಮಾಸಲಾದದ್ದನ್ನು ತೆಗೆದುಕೊಳ್ಳುವುದು ನಮ್ಮ ಕೆಲಸದವರ ವಾಡಿಕೆ.

ಸಂಜೆ ಕಪ್ಪಾದದ್ದಕ್ಕೆ ಕಾರಣ ಗೋಡೆಯಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಬೆಳಕು ಕಡಿಮೆಯಾದಂತೆ ಕಣ್ಣಿಗೆ ಕೆಂಪು ಬೇಗ ಮಂಕಾಗುತ್ತದೆ, ನೀಲಿ ಮತ್ತು ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. 19ನೇ ಶತಮಾನದ ಆರಂಭದಲ್ಲಿ ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿ ವಿವರಿಸಿದರು; ಇಂದಿಗೂ ಅದಕ್ಕೆ ಅವರದೇ ಹೆಸರಿದೆ. ಮುಸ್ಸಂಜೆಯಲ್ಲಿ ತೋಟಕ್ಕೆ ಹೋಗಿ ಕೆಂಪು ಹೂವನ್ನೂ ಅದರ ಎಲೆಗಳನ್ನೂ ನೋಡಿ, ಹೂವು ಎಲೆಗಿಂತ ಮೊದಲೇ ಕತ್ತಲಾಗುವುದು ಕಾಣುತ್ತದೆ. ಸಂಜೆ ದೀಪವಿಲ್ಲದೆ ಕೂರಲು ಇಷ್ಟಪಡುವ ಕೋಣೆಯಿದ್ದರೆ ಅದಕ್ಕೆ ನವಿಲುನೀಲಿಯನ್ನೋ ಎಲೆಹಸಿರನ್ನೋ ಕೊಡಿ, ಕೆಂಪನ್ನು ದೀಪದಡಿ ಬಳಸುವ ಜಾಗಕ್ಕೆ ಇಡಿ.

ಇನ್ನು ಪರೀಕ್ಷೆಯ ವಿಷಯ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆಗೆ ಎರಡು ಕೋಟ್ ಬಳಿಯಿರಿ. ಅದನ್ನು ಕಿಟಕಿಯ ಎದುರಿನ ಗೋಡೆಗೂ, ಕಿಟಕಿಯ ಪಕ್ಕದ ಕತ್ತಲೆ ಗೋಡೆಗೂ, ಮೂಲೆಗೂ ಒರಗಿಸುತ್ತ, ಬೆಳಿಗ್ಗೆ, ನಡುಹಗಲು ಮತ್ತು ರಾತ್ರಿ ದೀಪದಲ್ಲಿ ಮೂರು ದಿನ ನೋಡಿ. ಹಲಗೆಯ ಅಂಚಿನಲ್ಲಿ ಒಂದು ಬೆರಳಿನಷ್ಟು ಬಿಳಿ ಬಿಡಬೇಡಿ; ಬಿಳಿಯ ಪಕ್ಕದಲ್ಲಿ ಯಾವ ಬಣ್ಣವಾದರೂ ಇರುವುದಕ್ಕಿಂತ ಕಡುವಾಗಿ ಕಾಣುತ್ತದೆ. ನೇರ ಬಿಸಿಲು ಬೀಳದೆ ಆಕಾಶದ ಬೆಳಕು ಮಾತ್ರ ಬರುವ ಕೋಣೆಯಲ್ಲಿ ಎಲ್ಲ ಬಣ್ಣಗಳೂ ಸ್ವಲ್ಪ ನೀಲಿಯ ಕಡೆಗೆ ವಾಲುತ್ತವೆ, ಅಂಥಲ್ಲಿ ತಣ್ಣನೆಯ ಬೂದಿ ಬಣ್ಣ ಸತ್ತಂತೆ ಕಾಣುತ್ತದೆ, ಸಾಸಿವೆ ಹಳದಿ ಕೋಣೆಯನ್ನು ಎಬ್ಬಿಸುತ್ತದೆ. ಬಲ್ಬುಗಳ ಮೇಲೂ ಕಣ್ಣಿರಲಿ. ಬೆಳಕಿನ ಛಾಯೆಯನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ 2700ರ ಹಳದಿ ಬೆಳಕಿನಲ್ಲಿ ಹಳದಿ, ಕೆಂಪು ಅರಳುತ್ತವೆ, 4000ದ ಬಿಳಿ ಬೆಳಕಿಗೆ ಹೋದರೆ ನೀಲಿ, ಹಸಿರು ಸ್ವಚ್ಛವಾಗುತ್ತವೆ. ಯಾವುದೇ ಆದರೂ, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದನ್ನು ಸೂಚಿಸುವ, ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ಸಿಆರ್‌ಐ 90ಕ್ಕಿಂತ ಕಡಿಮೆಯಿದ್ದರೆ ಬಣ್ಣಗಳಿಗೆ ಖರ್ಚು ಮಾಡಿದ್ದು ವ್ಯರ್ಥ.

ತೇವದ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿಯಲೇಬೇಡಿ. ಹಳೆಯ ದಪ್ಪ ಗೋಡೆ ತೇವವನ್ನು ಹೀರಿ ಹೊರಬಿಡುತ್ತ ಉಸಿರಾಡುವಂಥದ್ದು. ಮೇಲೆ ಪದರ ಮುಚ್ಚಿದರೆ ತೇವ ಒಳಗೇ ಸಿಕ್ಕಿ, ವರ್ಷ ಕಳೆಯುವುದರೊಳಗೆ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಮೊದಲು ನೀರು ಬರುವ ದಾರಿಯನ್ನು ಹುಡುಕಿ ಸರಿಪಡಿಸಿ, ಗೋಡೆ ಒಣಗಿದ ಮೇಲೆ ಸುಣ್ಣದ ಬಣ್ಣ ಕೊಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಅದರ ಮೈಯಲ್ಲಿ ಬೆಳಕು ಆಡುವ ರೀತಿ ಡಬ್ಬಿಯ ಬಣ್ಣಕ್ಕೆ ಬರುವುದಿಲ್ಲ. ಆದರೆ ಸುಣ್ಣದ ಕ್ಷಾರವನ್ನು ಎಲ್ಲ ಬಣ್ಣಗಳೂ ತಾಳುವುದಿಲ್ಲ. ಕಾವಿ, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡಿನ ಕೆಂಪು, ಅಲ್ಟ್ರಾಮರೀನ್ ನೀಲಿ ನಿಲ್ಲುತ್ತವೆ. ಪ್ರಶ್ಯನ್ ನೀಲಿ ಕೆಟ್ಟುಹೋಗುತ್ತದೆ. ಒದ್ದೆಯಿದ್ದಾಗ ಕಡುವಾಗಿರುವ ಸುಣ್ಣದ ಬಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ, ಹಾಗಾಗಿ ಹಲಗೆಯ ಬದಲು ಗೋಡೆಯ ಮೇಲೇ ಒಂದು ಚದರ ಅಡಿ ಬಳಿದು ಎರಡು ದಿನ ಕಾಯಿರಿ.

ಹಳೆಯ ಮನೆಯೆಂದಿದ್ದೀರಿ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ: ಬಾಗಿಲು, ಕಿಟಕಿಗಳ ಮೇಲಿನ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ, ಆ ಕೆಲಸ ನಡೆಯುವಾಗ ಮಕ್ಕಳನ್ನು ದೂರವಿಡಿ.

ಉತ್ತರ – ಅಚ್ಚುಬಟ್ಟೆ

ಮೇಲಿನವರು ಗೋಡೆಯ ಮಾತನ್ನು ಹೇಳಿದ್ದಾರೆ, ನಾನು ಚಿತ್ತಾರದ ಮಾತಿಗೆ ಬರುತ್ತೇನೆ. ಬಟ್ಟೆಗೆ ಅಚ್ಚು ಹಾಕುವುದು ನನ್ನ ಕಸುಬು. ಹಲವು ಚಿತ್ತಾರಗಳು ಒಂದೇ ಕೋಣೆಯಲ್ಲಿ ಜಗಳವಾಡುವುದು ಅವು ಹಲವಾಗಿರುವುದರಿಂದಲ್ಲ. ಎಲ್ಲವೂ ಒಂದೇ ಅಳತೆಯವಾಗಿದ್ದು, ಒಂದೇ ಜೋರಿನಲ್ಲಿ ಮಾತಾಡುವುದರಿಂದ. ಪರದೆಯ ಹೂವು ಅಂಗೈಯಷ್ಟಿದ್ದು ಹಾಸಿನ ಹೂವೂ ಅಂಗೈಯಷ್ಟೇ ಇದ್ದರೆ ಕಣ್ಣು ಎರಡರ ನಡುವೆ ಅಲೆಯುತ್ತದೆ. ಪರದೆಯ ಬಳ್ಳಿ ಮೊಳದಷ್ಟಿದ್ದು, ಹಾಸಿನ ಗೆರೆ ಬೆರಳಷ್ಟಿದ್ದು, ದಿಂಬಿನ ಚುಕ್ಕಿ ಕಾಳಿನಷ್ಟಿದ್ದರೆ ಮೂರೂ ಒಂದರ ಪಕ್ಕದಲ್ಲೊಂದು ಸುಖವಾಗಿರುತ್ತವೆ. ಹೂವು-ಬಳ್ಳಿಯ ಜೊತೆಗೆ ಗೆರೆಯನ್ನೋ ಚೌಕಳಿಯನ್ನೋ ಇಡುವುದೂ ಅದಕ್ಕಾಗಿಯೇ, ನೇರ ಗೆರೆ ಬಳ್ಳಿಗೆ ಹಂದರವಾಗುತ್ತದೆ. ಚಿಕ್ಕ ಕೋಣೆಗೆ ಚಿಕ್ಕ ಚಿತ್ತಾರವೇ ಆಗಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಿಕ್ಕ ಕೋಣೆಯಲ್ಲಿ ಸಣ್ಣ ಹೂವುಗಳು ಗಿಜಿಗುಟ್ಟುತ್ತವೆ, ದೊಡ್ಡ ಬಳ್ಳಿ ಗೋಡೆಯನ್ನು ಮರೆಸುತ್ತದೆ.

ನೀವು ನೇಯುವವರು, ಆದ್ದರಿಂದ ನಿಮಗೆ ಬೇಗ ಹತ್ತಿರವಾಗುವ ಸಂಗತಿಯೊಂದಿದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್ ಅವರಿಗೆ ಕಪ್ಪು ನೂಲು ಕಪ್ಪಾಗಿಲ್ಲವೆಂಬ ದೂರು ಬಂತು. ನೂಲನ್ನು ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವೇ ಇರಲಿಲ್ಲ; ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಎಳೆಗಳು ಕಪ್ಪನ್ನು ಮಂಕಾಗಿಸಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಈ ನಿಯಮವನ್ನು ಅವರು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಮನೆಯಲ್ಲಿ ಇದರ ಅರ್ಥವಿಷ್ಟೆ: ಯಾವ ಬಣ್ಣವನ್ನೂ ಒಂಟಿಯಾಗಿ ತೀರ್ಮಾನಿಸಬಾರದು. ಗೋಡೆಯ ಹಲಗೆಯನ್ನು ನೋಡುವಾಗ ಅದರ ಮುಂದೆ ಪರದೆಯ ಬಟ್ಟೆ, ಹಾಸು, ನಿಮ್ಮವರ ಪಾತ್ರೆ ಎಲ್ಲವನ್ನೂ ಇಟ್ಟೇ ನೋಡಿ.

ಆರಂಭಕ್ಕೆ ನಾಲ್ವರಿಗೂ ಪ್ರೀತಿಯಾದ ಒಂದೇ ಒಂದು ವಸ್ತುವನ್ನು ಹುಡುಕಿ, ಅದು ಕೌದಿಯಾಗಲಿ, ಹಾಸಾಗಲಿ, ಬಟ್ಟಲಾಗಲಿ. ಅದರಲ್ಲಿರುವ ಬಣ್ಣಗಳನ್ನು ನೂಲಿನ ತುಣುಕುಗಳಲ್ಲಿ ಹೊಂದಿಸಿ ಕಾಗದಕ್ಕೆ ಸುತ್ತಿಡಿ. ಐದಾರು ಬಣ್ಣ ಬಂದರೆ ಸಾಕು, ಇಡೀ ಮನೆ ಅದರಿಂದಲೇ ಹೊರಡಲಿ. ಒಂದೊಂದು ಕೋಣೆಯಲ್ಲಿ ಒಂದೊಂದು ಬಣ್ಣ ಯಜಮಾನನಾಗಬಹುದು, ಆದರೆ ಉಳಿದವು ಚೂರುಪಾರಾದರೂ ಅಲ್ಲಿ ಇರಬೇಕು. ಮನೆಯನ್ನು ಹಿಡಿದಿಡುವುದು ಯಾವುದು ಎಂದು ಕೇಳಿದ್ದಿರಲ್ಲ, ನನ್ನ ಪ್ರಕಾರ ಅದು ಬಿಳಿಯಲ್ಲ, ಮರಳಿ ಮರಳಿ ಕಾಣಿಸಿಕೊಳ್ಳುವ ಬಣ್ಣ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ನೂಲು ಬಟ್ಟೆಯುದ್ದಕ್ಕೂ ಓಡುವ ಹಾಗೆ ಒಂದು ಬಣ್ಣ ಮನೆಯುದ್ದಕ್ಕೂ ಓಡಲಿ, ಅಡ್ಡಕ್ಕೆ ನೇಯುವ ಹೊಕ್ಕಿನ ಬಣ್ಣ ಎಷ್ಟು ಬದಲಾದರೂ ಬಟ್ಟೆ ಒಂದೇ ಆಗಿರುತ್ತದೆ.

ವಾಲ್‌ಪೇಪರ್ ಯೋಚನೆಯಿದ್ದರೆ ಚಿತ್ತಾರ ಎಷ್ಟು ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿ. ಹತ್ತು ಮೀಟರಿನ ಸುರುಳಿಯಿಂದ ಎರಡೂವರೆ ಮೀಟರ್ ಎತ್ತರದ ಗೋಡೆಗೆ ನಾಲ್ಕು ಪಟ್ಟಿ ಬರುತ್ತದೆ. ಚಿತ್ತಾರ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುವುದಾದರೆ, ಪಟ್ಟಿಗಳನ್ನು ಹೊಂದಿಸಲು ಒಂದೊಂದಕ್ಕೂ 256 ಸೆಂಟಿಮೀಟರ್ ಬೇಕಾಗಿ ಮೂರೇ ಸಿಗುತ್ತವೆ. ಕೆಲಸದ ನಡುವೆ ಸುರುಳಿ ಸಾಲದೆ ಹೋಗಿ, ಮತ್ತೆ ತಂದದ್ದು ಬೇರೆ ತಯಾರಿಯದಾಗಿ ಬಣ್ಣ ಕೂಡದೆ ಇದ್ದಾಗಿನ ಸಂಕಟವನ್ನು ನಾನು ಅನುಭವಿಸಿದ್ದೇನೆ.

ಉತ್ತರ – ತಿಳಿಗೋಡೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೆನೆಬಣ್ಣವನ್ನು ಸೂಚಿಸಿದವರನ್ನು ಪೂರ್ತಿ ತಳ್ಳಿಹಾಕಬೇಡಿ. ನಾಲ್ವರು ಕೈಕೆಲಸದವರಿರುವ ಮನೆಯಲ್ಲಿ ವಸ್ತುಗಳೇ ಬೇಕಾದಷ್ಟು ಬಣ್ಣ ತರುತ್ತವೆ, ಅವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ ಕೂಡ. ನಿಮ್ಮ ಮಗ್ಗ ಇರುವ ಕೋಣೆಯೂ ಮಗಳು ಚಿತ್ರ ಬರೆಯುವ ಜಾಗವೂ ತಿಳಿಯಾಗಿ, ಬಣ್ಣದ ಛಾಯೆಯಿಲ್ಲದೆ ಇರಬೇಕು. ಇಲ್ಲವಾದರೆ ಕೆಂಪು ಗೋಡೆಯ ಬೆಳಕಿನಲ್ಲಿ ನೂಲನ್ನು ಆರಿಸಿ, ಹೊರಗೆ ತಂದಾಗ ಬೇರೆಯೇ ಕಂಡು ಬೇಸರವಾಗುತ್ತದೆ.

ಉತ್ತರ – ಚಿತ್ರಪಾಠ

ತಿಳಿಗೋಡೆಯವರ ಮಾತು ಕೆಲಸದ ಕೋಣೆಗಳ ಮಟ್ಟಿಗೆ ನೂರಕ್ಕೆ ನೂರು ಸರಿ. ಉಳಿದ ಮನೆಗೆ ಅದನ್ನು ಹಬ್ಬಿಸುವುದನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಕಲಾವಿದರ ಕುಟುಂಬಗಳು ಹಳ್ಳಿಮನೆಗಳನ್ನು ಬಣ್ಣದಿಂದಲೇ ಕಟ್ಟಿಕೊಂಡ ಒಳ್ಳೆಯ ಉದಾಹರಣೆಗಳು ನಮ್ಮ ಕಣ್ಣೆದುರಿಗಿವೆ.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಚಾರ್ಲ್ಸ್‌ಟನ್ ಎಂಬ ಹೊಲಮನೆಯಿದೆ. ಚಿತ್ರಕಲಾವಿದರಾದ ವನೆಸ್ಸಾ ಬೆಲ್ ಮತ್ತು ಡಂಕನ್ ಗ್ರಾಂಟ್ 1916ರಲ್ಲಿ ಅಲ್ಲಿಗೆ ಬಂದರು. ಅದು ಬಾಡಿಗೆಯ ಮನೆ, ಸವಲತ್ತುಗಳೂ ಕಡಿಮೆ. ಆದರೂ ಅವರು ಗೋಡೆ, ಬಾಗಿಲು, ಬೆಂಕಿಗೂಡಿನ ಸುತ್ತು, ಮೇಜು, ಮಂಚದ ತಲೆಹಲಗೆ, ಹೀಗೆ ಕೈಗೆ ಎಟುಕಿದ್ದರ ಮೇಲೆಲ್ಲ ಬಣ್ಣ ಬರೆದರು. ಊಟದ ಕೋಣೆಯ ಗೋಡೆ ಕಪ್ಪು. ಅದರ ಮೇಲೆ ಬೂದಿ ಮತ್ತು ಹಳದಿಯಲ್ಲಿ ಕೈಯಿಂದ ಮೂಡಿಸಿದ ಚಿತ್ತಾರ. ಕಪ್ಪು ಗೋಡೆಯೆಂದರೆ ಎಲ್ಲರೂ ಬೆಚ್ಚುತ್ತಾರೆ, ಆದರೆ ಆ ಕಪ್ಪು ಸುಣ್ಣದಕಲ್ಲಿನ ಪುಡಿಯಂಥ ಮೆರುಗಿಲ್ಲದ ಮೈಯದು, ಬೆಳಕನ್ನು ಕುಡಿದು ಮೇಜಿನ ಮೇಲಿನ ಬಣ್ಣಗಳನ್ನೆಲ್ಲ ಮುಂದಕ್ಕೆ ತರುತ್ತದೆ. ಅಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ ವೃತ್ತಗಳು ಪೂರ್ತಿ ದುಂಡಗಿಲ್ಲ, ಗೆರೆಗಳು ನೇರವಿಲ್ಲ. ಕೈ ನಡೆದಂತೆ ನಡೆದ ಗೆರೆ ಪಕ್ಕದ ಇನ್ನೊಂದು ಚಿತ್ತಾರದೊಡನೆ ಸುಲಭವಾಗಿ ಹೊಂದುತ್ತದೆ, ಅಚ್ಚುಕಟ್ಟಾಗಿ ಮುದ್ರಿಸಿದ ಎರಡು ಚಿತ್ತಾರಗಳಿಗೆ ಆ ಸಡಿಲಿಕೆ ಇರುವುದಿಲ್ಲ.

ಸ್ವೀಡನ್ನಿನ ಸುಂಡ್‌ಬೋರ್ನಿನಲ್ಲಿ ಕಾರ್ಲ್ ಮತ್ತು ಕರಿನ್ ಲಾರ್ಸನ್ ದಂಪತಿಗಳ ಮನೆಯನ್ನು ನೀವು ವಿಶೇಷವಾಗಿ ನೋಡಬೇಕು. 1888ರಲ್ಲಿ ಕರಿನ್ ಅವರ ತಂದೆ ಆ ಚಿಕ್ಕ ಮರದ ಮನೆಯನ್ನು ಅವರಿಗೆ ಕೊಟ್ಟರು. ಕಾರ್ಲ್ ತನ್ನ ಜಲವರ್ಣಗಳಲ್ಲಿ ಆ ಮನೆಯನ್ನು ಲೋಕಕ್ಕೆ ತೋರಿಸಿದ್ದರಿಂದ ಹೆಸರು ಅವರಿಗೆ ಬಂತು. ಆದರೆ ಚಿತ್ರಕಲೆಯನ್ನು ಕಲಿತಿದ್ದ ಕರಿನ್ ಮಗ್ಗದಲ್ಲಿ ನೇಯ್ದ ಹಾಸು, ಪರದೆ, ಹೊದಿಕೆಗಳು ಮತ್ತು ಅವರು ರೂಪಿಸಿದ ಪೀಠೋಪಕರಣಗಳೇ ಆ ಮನೆಯ ಪ್ರಾಣ. ಊಟದ ಕೋಣೆಯಲ್ಲಿ ಕೆಂಪು ಮತ್ತು ಹಸಿರು ಎದುರುಬದುರಾಗಿ ನಿಂತಿವೆ, ಮಕ್ಕಳು ಅದರ ನಡುವೆಯೇ ಬೆಳೆದರು. ಒಬ್ಬ ನೇಕಾರ್ತಿ ಇಡೀ ಮನೆಯ ಬಣ್ಣವನ್ನು ಹೇಗೆ ಹಿಡಿಯಬಲ್ಲಳು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಫ್ರೆಂಚ್ ಚಿತ್ರಕಲಾವಿದ ಮೋನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ, ಫ್ರಾನ್ಸಿನ ಜಿವೆರ್ನಿ ಹಳ್ಳಿಯ ಮನೆಯಲ್ಲಿ ಊಟದ ಕೋಣೆ ಹಳದಿ, ಅದಕ್ಕೆ ಅಂಟಿದ ಅಡುಗೆಮನೆಯಲ್ಲಿ ನೀಲಿ-ಬಿಳಿ ಹೆಂಚುಗಳು. ಬಾಗಿಲಿನ ಚೌಕಟ್ಟಿನೊಳಗೆ ಆ ನೀಲಿ ಒಂದು ಚಿತ್ರದಂತೆ ಕಾಣಿಸುತ್ತದೆ. ನಿಮ್ಮ ಪಡಸಾಲೆಯಲ್ಲಿ ಎಷ್ಟು ಬಾಗಿಲುಗಳಿವೆಯೋ ಅಷ್ಟು ಚಿತ್ರಗಳಿವೆ. ಒಂದೊಂದು ಕೋಣೆಯ ಒಳಗೆ ನಿಂತು ಬಣ್ಣ ನಿರ್ಧರಿಸುವ ಬದಲು ಪಡಸಾಲೆಯಲ್ಲಿ ನಡೆಯುತ್ತ, ಎರಡು ಮೂರು ಬಾಗಿಲುಗಳು ಒಟ್ಟಿಗೆ ಕಾಣುವ ಜಾಗಗಳಲ್ಲಿ ನಿಂತು ನಿರ್ಧರಿಸಿ.

ನಿಮ್ಮ ಗೋಡೆಗಳ ಎರಡು ಅಡಿ ದಪ್ಪ ನನಗೆ ಆಸೆ ಹುಟ್ಟಿಸುತ್ತಿದೆ. ಬಾಗಿಲು ಮತ್ತು ಕಿಟಕಿಗಳ ಒಳಮಗ್ಗುಲು ಅಷ್ಟು ಆಳವಾಗಿದ್ದರೆ ಅದೇ ಒಂದು ಬಳಿಯುವ ಜಾಗ. ಕಿಟಕಿಯ ಒಳಮಗ್ಗುಲಿಗೆ ತಿಳಿ ಹಳದಿ ಬಳಿದರೆ ಒಳಬರುವ ಬೆಳಕು ಅದರ ಮೇಲೆ ಜಾರಿ ಬೆಚ್ಚಗಾಗಿ ಕೋಣೆಗಿಳಿಯುತ್ತದೆ. ಬಾಗಿಲುಗಳ ಒಳಮಗ್ಗುಲಿಗೆ ನಿಮ್ಮ ಆ ಇಟ್ಟಿಗೆ ಕೆಂಪನ್ನೇ ಕೊಡಿ. ನಾಲ್ಕು ಗೋಡೆಗಳಲ್ಲಿ ತಾಳಲಾರದ ಬಣ್ಣ ಎರಡು ಅಡಿ ಅಗಲದ ಪಟ್ಟಿಯಲ್ಲಿ, ದಾಟುವ ಎರಡು ಹೆಜ್ಜೆಗಳಷ್ಟು ಹೊತ್ತು, ಎಷ್ಟು ಚೆನ್ನಾಗಿರುತ್ತದೆಂದು ನೋಡಿ. ಅಚ್ಚುಬಟ್ಟೆಯವರು ಹೇಳಿದ ಮನೆಯುದ್ದಕ್ಕೂ ಓಡುವ ಎಳೆ ಅದೇ ಆಗಬಹುದು.

ಮಕ್ಕಳ ವಿಷಯದಲ್ಲಿ ನನ್ನದು ಒಂದೇ ಕೋರಿಕೆ: ಅವರಿಗೆ ಅವರ ಕೋಣೆಯ ಒಂದು ಮೂಲೆಯನ್ನಷ್ಟೇ ಕೊಟ್ಟು ಸುಮ್ಮನಾಗಬೇಡಿ, ಎಲ್ಲರೂ ಬಳಸುವ ಒಂದು ಮುಖ್ಯ ವಸ್ತುವನ್ನು ಪೂರ್ತಿಯಾಗಿ ಒಪ್ಪಿಸಿ, ಬಣ್ಣದ ಪಟ್ಟಿ ಮಾತ್ರ ಮನೆಯದೇ ಇರಲಿ. ಬಳಸುವ ಬಣ್ಣ ಐದೇ ಎಂದು ಗೊತ್ತಾದಾಗ ಮಕ್ಕಳ ಕೈ ಧೈರ್ಯವಾಗಿ ನಡೆಯುತ್ತದೆ.

ಮಗ್ಗದಮನೆ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಆರು ವಾರಗಳ ಮೇಲೆ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಉತ್ತರಿಸುವುದು ಸರಿಯೆನಿಸಲಿಲ್ಲ.

ನಾಲ್ವರೂ ಒಪ್ಪಿದ ವಸ್ತು ನನ್ನ ಅತ್ತೆಯವರು ಹೊಲಿದ ಕೌದಿಯಾಯಿತು, ಅದಕ್ಕೆ ಹೆಚ್ಚು ಚರ್ಚೆಯೂ ಬೇಕಾಗಲಿಲ್ಲ. ಅದರಿಂದ ಐದು ಬಣ್ಣ ತೆಗೆದೆವು: ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ನವಿಲುನೀಲಿ, ಒಣಹುಲ್ಲಿನ ಬಿಳಿ, ಹಾಗೂ ಮಗಳು ಹಟ ಹಿಡಿದು ಸೇರಿಸಿದ ಒಂದು ಗಾಢ ನೇರಳೆ. ಕೌದಿಯ ಅಂಚಿನಲ್ಲಿ ಅದು ಉಗುರಿನಷ್ಟೇ ಇದೆ, ಅವಳು ಹೇಳುವವರೆಗೆ ನಮಗ್ಯಾರಿಗೂ ಕಂಡಿರಲಿಲ್ಲ. ಮಗ್ಗದ ಕೋಣೆಗೆ ಹುಲ್ಲುಬಿಳಿಯನ್ನೇ ಕೊಟ್ಟಿದ್ದೇವೆ. ತಿಳಿಗೋಡೆಯವರ ಎಚ್ಚರಿಕೆ ನನ್ನನ್ನು ಒಂದು ದೊಡ್ಡ ತೊಂದರೆಯಿಂದ ಉಳಿಸಿತು.

ತೇವ ಬರುತ್ತಿದ್ದದ್ದು ಹೊರಗೆ ಗೋಡೆಗೆ ತಾಗಿ ಏರಿಸಿದ್ದ ಮಣ್ಣಿನಿಂದ. ಅದನ್ನು ತೆಗೆಸಿದ್ದೇವೆ, ಗೋಡೆ ಇನ್ನೂ ಒಣಗುತ್ತಿದೆ, ಅಲ್ಲಿಗೆ ಸುಣ್ಣ ಕೊಡುವುದು ಇನ್ನೆರಡು ತಿಂಗಳ ಮಾತು. ಬಾಗಿಲುಗಳ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರುವುದು ಪರೀಕ್ಷೆಯಲ್ಲಿ ತಿಳಿದುಬಂದದ್ದರಿಂದ ಆ ಕೆಲಸವನ್ನು ತಿಳಿದವರಿಗೇ ವಹಿಸಿದ್ದೇವೆ.

ನಡುಕೋಣೆಯನ್ನು ನವಿಲುನೀಲಿಯ ಮಾಸಲು ಛಾಯೆಗೆ ಬದಲಿಸಿದೆವು. ಹಲಗೆಯನ್ನು ಮೂರು ದಿನವಲ್ಲ, ಒಂಬತ್ತು ದಿನ ಕೋಣೆಯಲ್ಲಿ ಸುತ್ತಾಡಿಸಿದೆವು. ಈಗ ಮುಸ್ಸಂಜೆಯಲ್ಲಿ ದೀಪ ಹಚ್ಚಲು ಯಾರೂ ಏಳುವುದಿಲ್ಲ. ಗಂಡನ ಬಿಳಿ ಹೂಜಿ ಮತ್ತೆ ಬಿಳಿಯಾಗಿದೆ.

ಆ ಕೆಂಪು ಬಣ್ಣ ಬಾಗಿಲುಗಳ ಒಳಮಗ್ಗುಲಿಗೆ ಹೋಯಿತು. ಮಗ ತಾನೇ ಮರದಲ್ಲಿ ಕೆತ್ತಿದ ಎಲೆಯ ಅಚ್ಚನ್ನು ಅದರ ಮೇಲೆ ಹಳದಿಯಲ್ಲಿ ಒತ್ತುತ್ತಿದ್ದಾನೆ. ಹೆಬ್ಬೆರಳಿನಷ್ಟು ಎಲೆ, ಒಂದು ಬಾಗಿಲಿಗೆ ನೂರಕ್ಕೂ ಹೆಚ್ಚು. ಮೂರನೆಯ ಸಾಲಿನಲ್ಲಿ ಅಚ್ಚು ತಿರುಗಿ ಒಂದು ಎಲೆ ತಲೆಕೆಳಗಾದಾಗ ಅಳಿಸೋಣವೇ ಎಂದು ಕೇಳಿದ, ಬೇಡವೆಂದೆ. ಮರುದಿನ ನೋಡಿದರೆ ಪ್ರತಿ ಮೂರನೆಯ ಸಾಲಿನಲ್ಲೂ ಒಂದು ಎಲೆಯನ್ನು ಬೇಕೆಂದೇ ತಲೆಕೆಳಗೆ ಒತ್ತಿದ್ದ. ಎರಡು ಬಾಗಿಲು ಮುಗಿದಿವೆ, ನಾಲ್ಕು ಉಳಿದಿವೆ.